ಸೆರೆಯೊಳಗಿನ ಪಾಠಶಾಲೆ: ಕರುಣೆಯಿಂದ ನ್ಯಾಯದೆಡೆಗೆ

ಸೆರೆಯಲ್ಲಿರುವವರನ್ನು ಸಂದರ್ಶಿಸುವುದನ್ನು ನಾವು ಕರುಣೆಯ ಕಾರ್ಯವೆಂದು ಬೋಧಿಸುತ್ತೇವೆ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವೇ ಅದಕ್ಕೆ ಆಧಾರ. ಆದರೆ ಸೆರೆಯಲ್ಲಿರುವವನಿಗೆ ನಾವು ಕೊಡುವುದು ದಾನವೋ, ಅವನಿಗೆ ಸಲ್ಲಬೇಕಾದ ಪಾಲೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ. ಸೆರೆಯಲ್ಲಿರುವ ವಿಕಲಚೇತನ ಕಿರಿಯರ ಶಿಕ್ಷಣಕ್ಕಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಯಾಲಯಗಳಲ್ಲಿ ನಡೆದ ಹೋರಾಟದ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1899ರಲ್ಲಿ ಶಿಕಾಗೋ ನಗರದಲ್ಲಿ ಆ ದೇಶದ ಮೊದಲ ಬಾಲನ್ಯಾಯಾಲಯ ಆರಂಭವಾಯಿತು. ತಪ್ಪಿದ ಮಗುವಿಗೆ ರಾಜ್ಯವು ತಂದೆಯಂತಿದ್ದು, ದಂಡಿಸದೆ ತಿದ್ದಬೇಕೆಂಬುದು ಅದರ ಉದ್ದೇಶ. ಉದ್ದೇಶ ಉದಾತ್ತವೇ. ಆದರೆ ತಂದೆಯ ಹೆಸರಿನಲ್ಲಿ ನಡೆದ ವಿಚಾರಣೆಯಲ್ಲಿ ಮಗುವಿನ ಪರವಾದ ದನಿಗೆ ಎಡೆಯಿಲ್ಲದಾಯಿತು. ಅರಿಜೋನಾ ರಾಜ್ಯದ 15 ವರ್ಷದ ಜೆರಾಲ್ಡ್ ಗಾಲ್ಟ್ ಅಶ್ಲೀಲ ದೂರವಾಣಿ ಕರೆಯ ಆರೋಪದ ಮೇಲೆ, 21 ವರ್ಷ ತುಂಬುವವರೆಗೂ ಇರಿಸಿಕೊಳ್ಳಬಹುದಾದ ಸುಧಾರಣಾ ಶಾಲೆಗೆ ಕಳುಹಿಸಲ್ಪಟ್ಟನು. ಅದೇ ತಪ್ಪಿಗೆ ವಯಸ್ಕನಿಗೆ 50 ಡಾಲರ್ ದಂಡ ಅಥವಾ ಎರಡು ತಿಂಗಳ ಸೆರೆಯೇ ಗರಿಷ್ಠ ಶಿಕ್ಷೆ. ಮಗುವಿಗೂ ವಕೀಲನ ನೆರವಿನ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತಿತು. ನ್ಯಾಯದ ಕಟ್ಟಿಲ್ಲದ ಕರುಣೆಯು ದಬ್ಬಾಳಿಕೆಯಾಗಬಲ್ಲುದೆಂಬುದೇ ಅದರ ತಿರುಳು.

ಅದೇ ಕಾಲದಲ್ಲಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. 1971ರಲ್ಲಿ ಪೆನ್ಸಿಲ್ವೇನಿಯಾದ ಬುದ್ಧಿಮಾಂದ್ಯ ಮಕ್ಕಳ ಪರವಾದ ಸಂಘವು, ಶಾಲೆಗಳು ಆ ಮಕ್ಕಳನ್ನು ಹೊರಗಿಡುವುದನ್ನು ಪ್ರಶ್ನಿಸಿತು. 1972ರಲ್ಲಿ ವಾಷಿಂಗ್ಟನ್ ನಗರದ ಮಿಲ್ಸ್ ಪ್ರಕರಣದಲ್ಲಿ ಆಡಳಿತವು ಹಣವಿಲ್ಲವೆಂದು ವಾದಿಸಿದಾಗ, ಕೊರತೆಯ ಹೊರೆಯು ವಿಕಲಚೇತನ ಮಕ್ಕಳ ಮೇಲೆಯೇ ಹೆಚ್ಚಾಗಿ ಬೀಳಲಾಗದೆಂದು ನ್ಯಾಯಾಧೀಶ ಜೋಸೆಫ್ ವ್ಯಾಡಿ ವಿಧಿಸಿದರು. 1975ರ ಶಾಸನವು ಪ್ರತಿಯೊಬ್ಬ ವಿಕಲಚೇತನ ಮಗುವಿಗೂ ಉಚಿತವೂ ತಕ್ಕುದೂ ಆದ ಶಿಕ್ಷಣವನ್ನು, ಆ ಮಗುವಿಗೆಂದೇ ಬರೆದ ಯೋಜನೆಯೊಡನೆ, ಹಕ್ಕಾಗಿಸಿತು.

ಈ ಹಕ್ಕು ಸೆರೆಮನೆಯ ಬಾಗಿಲಲ್ಲಿ ನಿಲ್ಲುವುದೇ? ಇಲ್ಲವೆಂದು 1981ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯವು ಗ್ರೀನ್ ಪ್ರಕರಣದಲ್ಲಿ ಹೇಳಿತು. ಬಂಧನದ ಸ್ಥಿತಿಗೆ ತಕ್ಕ ಹೊಂದಾಣಿಕೆ ಬೇಕಾಗಬಹುದು. ಹಕ್ಕು ಮಾತ್ರ ಅಳಿಯದು. ಆದರೆ 1997ರ ತಿದ್ದುಪಡಿಯು ಅದನ್ನು ಕಿರಿದುಗೊಳಿಸಿತು. ವಯಸ್ಕರ ಸೆರೆಮನೆಯಲ್ಲಿರುವ 18ರಿಂದ 21 ವರ್ಷದವನನ್ನು ಹಿಂದಿನ ಶಾಲೆಯು ವಿಕಲಚೇತನನೆಂದು ಗುರುತಿಸದೆ, ಅವನಿಗೆ ಶಿಕ್ಷಣ ಯೋಜನೆಯನ್ನೂ ಬರೆಯದೆ ಇದ್ದಿದ್ದರೆ, ರಾಜ್ಯವು ಈ ಸೇವೆಯನ್ನು ನಿರಾಕರಿಸಬಹುದಾಯಿತು. ಶಾಲೆ ಕಾಣದೆ ಹೋದ ಮಗುವನ್ನು ಸೆರೆಮನೆಯೂ ಕಾಣಬೇಕಿಲ್ಲವೆಂದಾಯಿತು. ತಪ್ಪಿಹೋದ ಕುರಿಯ ಸಾಮತಿಯನ್ನು ಬೋಧಿಸುವ ನಮಗೆ ಇದು ನೋವಿನ ಸಾಲು.

ಹಕ್ಕು ಗ್ರಂಥದಲ್ಲಿದ್ದರೆ ಸಾಲದೆಂಬುದಕ್ಕೆ ವಾಷಿಂಗ್ಟನ್ ನಗರದ ಸೆರೆಮನೆಯೇ ಸಾಕ್ಷಿ. 2020ರಲ್ಲಿ ಕೊರೋನಾ ಸೋಂಕಿನಿಂದ ತರಗತಿಗಳು ನಿಂತು, ವಿದ್ಯಾರ್ಥಿಗಳಿಗೆ ಅಭ್ಯಾಸದ ಕಾಗದದ ಕಟ್ಟುಗಳನ್ನು ಕೊಡುವುದೇ ಪಾಠವೆನಿಸಿತು. ಓದಲು ತಡವರಿಸುವವನಿಗೆ ಆ ಕಾಗದದಿಂದೇನು ಪ್ರಯೋಜನ? 2021ರಲ್ಲಿ ಅವರ ವಕೀಲರು ದಾವೆ ಹೂಡಿದರು. ಜೂನ್ ತಿಂಗಳಲ್ಲಿ ಪಾಠ ನಡೆಸಲು ನ್ಯಾಯಾಲಯವು ಆಜ್ಞಾಪಿಸಿತು. ಆಜ್ಞೆಯನ್ನು ಪಾಲಿಸದುದಕ್ಕಾಗಿ 2022ರಲ್ಲಿ ಆಡಳಿತವು ನ್ಯಾಯಾಂಗ ನಿಂದನೆಯ ದೋಷಿಯೆನಿಸಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಘೋಷಣೆಯಲ್ಲಿ, ಮಾನವ ಘನತೆಯುಳ್ಳ ಎಲ್ಲರಿಗೂ ಶಿಕ್ಷಣದ ಹಕ್ಕು ಕಸಿಯಲಾಗದ್ದೆಂದು ಸಾರಿತು. ಘನತೆಯು ದೇವರ ಪ್ರತಿರೂಪದಿಂದ ಬಂದುದಾದರೆ ಅಪರಾಧವಾಗಲಿ ಅಂಗವಿಕಲತೆಯಾಗಲಿ ಅದನ್ನು ಅಳಿಸಲಾರದು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯ 53ನೆಯ ಕಲಮೂ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ವಿಶೇಷ ಶಿಕ್ಷಣವನ್ನು ಸೇವೆಗಳ ಸಾಲಿನಲ್ಲಿ ಹೆಸರಿಸಿದೆ. ಆದ್ದರಿಂದ ಬಾಲಮಂದಿರಕ್ಕೆ ಹೋಗುವ ಗುರು ಅಭ್ಯರ್ಥಿಯು ಪ್ರಾರ್ಥಿಸಿ, ಸಿಹಿ ಹಂಚಿ ಹಿಂದಿರುಗಿದರೆ ಸಾಲದು. ಇಲ್ಲಿ ಓದಲಾರದ ಮಗು ಯಾವುದು, ಅದಕ್ಕೆ ಕಲಿಸುವವರು ಯಾರು ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಮತ್ತೆ ಹೋಗಿ ಕೇಳಬೇಕು. ಸಂದರ್ಶನವು ಅಲ್ಲಿಂದಲೇ ನ್ಯಾಯದ ಸೇವೆಯಾಗುತ್ತದೆ.