ತುಮಕೂರು ಸೀಮೆಯಲ್ಲಿ ದೇವರ ಕರೆಯ ಪರಂಪರೆ

ಕ್ರೈಸ್ತ ಜೀವನದಲ್ಲಿ ‘ದೇವರ ಕರೆ’ ಎಂದರೆ ದೇವರು ಮನುಷ್ಯನನ್ನು ಮೊದಲು ವಿಶ್ವಾಸಕ್ಕೂ ಬಳಿಕ ಒಂದು ಸೇವೆಗೂ ಕರೆಯುವುದು. ಬೈಬಲ್ಲಿನ ಬಾಲಕ ಸಮುವೇಲನ ಕಥೆ ಇದಕ್ಕೆ ಹಳೆಯ ಮಾದರಿ. ರಾತ್ರಿ ಮೂರು ಸಲ ದನಿ ಕೇಳಿಸಿದಾಗಲೂ ಅವನು ಓಡಿದ್ದು ಯಾಜಕ ಏಲಿಯ ಬಳಿಗೆ. ಕರೆಯುತ್ತಿರುವವನು ದೇವರೆಂದು ತಿಳಿದು, ಉತ್ತರಿಸುವ ಬಗೆಯನ್ನು ಹೇಳಿಕೊಟ್ಟವನು ಏಲಿ. ಕರೆ ಒಬ್ಬನಿಗೆ ಬಂದರೂ ಅದನ್ನು ಗುರುತಿಸಲು ಹಿರಿಯರೂ ಸಭೆಯೂ ಬೇಕು ಎಂಬ ಈ ಅರಿವು ಕೋರ, ಗುಬ್ಬಿ, ಕುಣಿಗಲ್ಲುಗಳನ್ನು ಒಳಗೊಂಡ ತುಮಕೂರು ಸೀಮೆಗೆ ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನ ಮೂಲಕ ಬಂದಿತು.

1830ರ ದಶಕದ ಕೊನೆಯಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಮಿಷನ್ ಕೇಂದ್ರವನ್ನು ತೆರೆದರು. ಅಡಿಕೆ ವ್ಯಾಪಾರಕ್ಕೆ ಹೆಸರಾದ ಈ ಸಂತೆಯ ಊರಿಗೆ ಸುತ್ತಲಿನ ಹಳ್ಳಿಗಳ ಜನ ಬರುತ್ತಿದ್ದರು. ಐರ್ಲೆಂಡಿನಲ್ಲಿ 1819ರಲ್ಲಿ ಹುಟ್ಟಿದ ವಿಲಿಯಂ ಆರ್ಥರ್ 1839ರಲ್ಲಿ ಹಾಡ್ಸನ್ನರ ಜೊತೆ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ಸಾರಲು ಬಂದವರು ಮೊದಲು ಮಾಡಬೇಕಾದದ್ದು ಜನರ ಮಾತನ್ನು ಕೇಳಿ ಕಲಿಯುವ ಕೆಲಸ. ಹಾಡ್ಸನ್ನರ ಈ ಕಲಿಕೆ ಕನ್ನಡ ವ್ಯಾಕರಣವೊಂದಾಗಿ ಫಲಿಸಿತು. ಅದರ ಎರಡನೆಯ ಆವೃತ್ತಿ 1864ರಲ್ಲಿ ಬಂದಿತು.

ಆರೋಗ್ಯ ಕೆಟ್ಟದ್ದರಿಂದ ಆರ್ಥರ್ 1841ರಲ್ಲಿ ಹಿಂದಿರುಗಬೇಕಾಯಿತು. ಆದರೆ ಅವರ ಸೇವೆ ಅಲ್ಲಿಗೆ ನಿಲ್ಲಲಿಲ್ಲ. ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಬರೆದರು, ಮುಂದೆ ಮಿಷನ್ನಿನ ಕಾರ್ಯದರ್ಶಿಯಾದರು, 1866ರಲ್ಲಿ ಮೆಥೊಡಿಸ್ಟ್ ಸಮ್ಮೇಳನದ ಅಧ್ಯಕ್ಷರಾದರು. ಕರೆ ಪಡೆದವನ ಊರು ಬದಲಾಗಬಹುದು, ಕೆಲಸದ ರೂಪವೂ ಬದಲಾಗಬಹುದು. ಅದಕ್ಕೆ ಒಪ್ಪುವ ಮನಸ್ಸೂ ಕರೆಗೆ ಕಿವಿಗೊಡುವುದರ ಭಾಗವೆಂಬುದಕ್ಕೆ ಅವರ ಬದುಕು ಸಾಕ್ಷಿ.

ಮೆಥೊಡಿಸ್ಟರು ಕರೆಯನ್ನು ಪರೀಕ್ಷಿಸುತ್ತಿದ್ದ ಕ್ರಮವೂ ಸ್ಪಷ್ಟವಾಗಿತ್ತು. ಪ್ರಸಂಗಿಯಾಗಲು ಬಯಸುವವರ ಬಗ್ಗೆ ಮೆಥೊಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ 1746ರ ಸಮ್ಮೇಳನದಲ್ಲಿ ಮೂರು ಸಂಗತಿಗಳನ್ನು ವಿಚಾರಿಸಿದರು: ದೇವರ ಕೃಪೆಯ ಅನುಭವ, ಬೋಧಿಸುವ ವರ, ಆ ಬೋಧನೆಯ ಫಲ. ಒಳಗಿನ ಪ್ರೇರಣೆಯನ್ನು ಗೌರವಿಸುತ್ತಲೇ ಅದೊಂದನ್ನೇ ಸಾಕೆನ್ನದ ಕ್ರಮವಿದು. ತನ್ನ ಆಸೆಯನ್ನೇ ದೇವರ ದನಿಯೆಂದು ಭ್ರಮಿಸುವ ಅಪಾಯದಿಂದ ಇದು ಕಾಪಾಡುತ್ತದೆ. ಹಿಂಜರಿಯುವ ಸಮರ್ಥರಿಗೆ ಧೈರ್ಯವನ್ನೂ ಕೊಡುತ್ತದೆ. 1755ರಲ್ಲಿ ವೆಸ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯಲ್ಲಿ ಸಭೆಯ ಎಲ್ಲರೂ ತಮ್ಮನ್ನು ದೇವರ ಚಿತ್ತಕ್ಕೆ ಮತ್ತೆ ಒಪ್ಪಿಸಿಕೊಳ್ಳುತ್ತಾರೆ. ಕರೆ ಬೋಧಕರಿಗಷ್ಟೇ ಸೀಮಿತವಲ್ಲ ಎಂಬ ನಂಬಿಕೆ ಇದರ ಬುನಾದಿ.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ಸಭೆಗಳ ಸೇವಕರಿಗೆ ತರಬೇತಿ ಕೊಡುತ್ತಿದ್ದ ಯೂನಿಯನ್ ಕೆನರೀಸ್ ಸೆಮಿನರಿ ತುಮಕೂರಿನಲ್ಲಿತ್ತು. ಕರೆಯ ಅರಿವುಳ್ಳವರು ತಮ್ಮದೇ ಭಾಷೆಯಲ್ಲಿ ವೇದಾಧ್ಯಯನ ಮಾಡಲು ಇದರಿಂದ ಅವಕಾಶವಾಯಿತು. 1965ರಿಂದ ಈ ಶಿಕ್ಷಣದ ಹೊಣೆಯನ್ನು ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಹೊತ್ತಿದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೆಥೊಡಿಸ್ಟರು ಅದರಲ್ಲಿ ಸೇರಿದರು. 1970ರಲ್ಲಿ ಮೈಸೂರು ಧರ್ಮಪ್ರಾಂತ್ಯ ಮೂರಾಗಿ ವಿಭಜನೆಗೊಂಡ ಮೇಲೆ ತುಮಕೂರಿನ ಸಭೆಗಳು ಕರ್ನಾಟಕ ಮಧ್ಯ ಧರ್ಮಪ್ರಾಂತ್ಯಕ್ಕೆ ಸೇರಿದವು. ಆಡಳಿತ ಬದಲಾದರೂ ತತ್ತ್ವ ಉಳಿದಿದೆ: ಪ್ರಾರ್ಥನೆ, ವಾಕ್ಯದ ಓದು, ಹಿರಿಯರ ಸಲಹೆ, ಸಭೆಯ ಒಪ್ಪಿಗೆ ಇವುಗಳ ಮೂಲಕವೇ ಕರೆ ಖಚಿತವಾಗುತ್ತದೆ.