ಮಕ್ಕಳ ಜತೆ ಸಿನಿಮಾಗೆ ಹೊರಟಿದ್ದೀರಾ? ‘ಯುಎ’ ಪಕ್ಕದ ಸಂಖ್ಯೆ ನೋಡಿ

ರಜೆ ಬಂತೆಂದರೆ ಮಕ್ಕಳದ್ದು ಸಿನಿಮಾ ಹಠ. ‘ಯುಎ ಅಂತಿದೆ, ಫ್ಯಾಮಿಲಿ ಪಿಕ್ಚರೇ ಇರ್ಬೇಕು’ ಅಂತ ಟಿಕೆಟ್ ತಗೊಂಡು ಹೋದವರು, ಹೊಡೆದಾಟದ ಸೀನ್ ಬಂದಾಗ ಮಗುವಿನ ಕಣ್ಣು ಮುಚ್ಚಿ ಕೂರುವುದುಂಟು. ಯುಎ ಅಂದರೆ ಎಲ್ಲ ಮಕ್ಕಳೂ ನೋಡಬಹುದು ಅಂತಲ್ಲ.

ಸೆನ್ಸಾರ್ ಮಂಡಳಿ ಮೊದಲು ಯು, ಎ ಎಂಬ ಎರಡೇ ಸರ್ಟಿಫಿಕೇಟ್ ಕೊಡುತ್ತಿತ್ತು. 1983ರಲ್ಲಿ ಯುಎ ಸೇರಿತು. 12 ವರ್ಷದೊಳಗಿನವರಿಗೆ ಪೋಷಕರ ಮಾರ್ಗದರ್ಶನ ಬೇಕು ಎಂಬುದು ಅದರ ಅರ್ಥ. ಆದರೆ ಅದರಲ್ಲೇ ಎಲ್ಲವೂ ಬೆರೆತು ಹೋಗಿತ್ತು. 2022ರ ‘ಕೆಜಿಎಫ್ ಚಾಪ್ಟರ್ 2’ ಚಿತ್ರಕ್ಕೆ ಸಿಕ್ಕಿದ್ದೂ ಬರೀ ಯುಎ. ಹೀಗಾಗಿ 2023ರ ಕಾನೂನು ತಿದ್ದುಪಡಿಯಲ್ಲಿ ಯುಎಯನ್ನು ಮೂರು ಭಾಗ ಮಾಡಲಾಯಿತು.

ಈಗಿನ ದರ್ಜೆಗಳು:

* ಯು: ಎಲ್ಲ ವಯಸ್ಸಿನವರೂ ನೋಡಬಹುದು.
* ಯುಎ 7+: 7 ವರ್ಷದೊಳಗಿನವರಿಗೆ ತೋರಿಸುವ ಮುನ್ನ ಪೋಷಕರು ಯೋಚಿಸಬೇಕು.
* ಯುಎ 13+: 13 ವರ್ಷದೊಳಗಿನವರಿಗೆ ಇದೇ ಎಚ್ಚರಿಕೆ.
* ಯುಎ 16+: 16 ವರ್ಷದೊಳಗಿನವರಿಗೆ ಇದೇ ಎಚ್ಚರಿಕೆ.
* ಎ: 18 ತುಂಬಿದವರಿಗೆ ಮಾತ್ರ.

ಇವಲ್ಲದೆ ವೈದ್ಯರಂಥ ನಿರ್ದಿಷ್ಟ ವರ್ಗದವರಿಗಷ್ಟೇ ತೋರಿಸುವ ಚಿತ್ರಗಳಿಗೆ ‘ಎಸ್’ ಇದೆ.

ಗೇಟಿನಲ್ಲಿ ತಡೆಯುತ್ತಾರಾ?

ಎ ಚಿತ್ರಕ್ಕೆ ಅಪ್ಪ-ಅಮ್ಮ ಜತೆಗಿದ್ದರೂ ಹತ್ತು ವರ್ಷದ ಮಗುವನ್ನು ಒಳಗೆ ಬಿಡುವಂತಿಲ್ಲ. ಬಿಟ್ಟರೆ ಥಿಯೇಟರ್‌ನವರ ಮೇಲೆ ಕೇಸಾಗುತ್ತದೆ. ಯುಎ ಹಾಗಲ್ಲ. 16+ ಚಿತ್ರಕ್ಕೆ ಎಂಟು ವರ್ಷದ ಮಗು ಬಂದರೂ ಗೇಟಿನವರು ತಡೆಯಲ್ಲ. ಅಲ್ಲಿ ತೀರ್ಮಾನ ಪೂರ್ತಿ ತಂದೆ-ತಾಯಿಯದ್ದೇ.

ಸರ್ಟಿಫಿಕೇಟ್ ತೆರೆ ಮೇಲೆ ಬರುವ ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ. ಆದ್ದರಿಂದ ಪೋಸ್ಟರ್‌ನಲ್ಲೋ, ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲೋ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಸಂಖ್ಯೆ ಒಂದು ಅಂದಾಜು ಮಾತ್ರ. ಕತ್ತಲೆ, ದೆವ್ವ ಅಂದರೆ ಹೆದರುವ ಮಗುವಿಗೆ 7+ ಕೂಡ ಭಾರವಾಗಬಹುದು. ಟ್ರೇಲರ್ ಒಮ್ಮೆ ನೋಡಿದರೆ ಅಂದಾಜು ಸಿಗುತ್ತದೆ.

ಮೊಬೈಲ್‌ನಲ್ಲಿ ನೋಡುವುದಾದರೆ?

ಒಟಿಟಿಯ ವೆಬ್ ಸೀರೀಸ್‌ಗಳಿಗೆ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಇಲ್ಲ. 2021ರ ಐಟಿ ನಿಯಮದಂತೆ ಕಂಪನಿಗಳೇ ಇದೇ ದರ್ಜೆಗಳನ್ನು ಹಾಕುತ್ತವೆ. 13+ ಮತ್ತು ಅದಕ್ಕೂ ಮೇಲಿನವಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಕೊಡಲೇಬೇಕು. ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಪಿನ್ ಹಾಕಬೇಕಾದವರು ಮನೆಯವರೇ. ಅಂಗಡಿಯಲ್ಲಿ ಗಿರಾಕಿ ಇದ್ದಾಗ ಮಗುವಿನ ಕೈಗೆ ಫೋನ್ ಕೊಟ್ಟು ಕೂರಿಸುವವರು ಇದನ್ನು ಮೊದಲು ಮಾಡಿಕೊಳ್ಳಬೇಕು.