ಮರದ ಮೇಲೆ ಅರಗು: ಚನ್ನಪಟ್ಟಣ–ಮದ್ದೂರು ಸೀಮೆಯ ರಕ್ಷಕ ಲೇಪ ಮತ್ತು ಬಿಲ್ಲಿನ ಪ್ರಶ್ನೆ

ಮರದ ವಸ್ತುವನ್ನು ತೇವ, ಬೆವರು ಮತ್ತು ಕೊಳೆಯಿಂದ ಕಾಪಾಡುತ್ತ, ಮರದ ಎಳೆಗಳು ಕಣ್ಣಿಗೆ ಕಾಣುವಂತೆಯೇ ಉಳಿಸುವ ತೆಳುವಾದ ಹೊದಿಕೆಯನ್ನು ಇಲ್ಲಿ ಪಾರದರ್ಶಕ ಲೇಪ ಎಂದು ಕರೆಯಲಾಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಲೇಪದ ಚರಿತ್ರೆ ಬಹುಮಟ್ಟಿಗೆ ಅರಗಿನ ಚರಿತ್ರೆಯೇ ಆಗಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಹೊಂದಿಕೊಂಡು, ಮದ್ದೂರು ಪಟ್ಟಣದಿಂದ ಬೆಂಗಳೂರಿನ ದಿಕ್ಕಿಗೆ ಸುಮಾರು 20 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣವು ಈ ಚರಿತ್ರೆಯ ಕೇಂದ್ರ. ಅಲ್ಲಿನ ಗೊಂಬೆ ಕಸುಬನ್ನು ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳು ನೆಲೆಗೊಳಿಸಿದರೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಆ ಮಾತನ್ನು ಲೇಪದ ದ್ರವ್ಯ ಮತ್ತು ಅದನ್ನು ಮರಕ್ಕೆ ಹಿಡಿಸುವ ವಿಧಾನದ ಮೂಲಕ ಪರಿಶೀಲಿಸುವುದು, ಆ ಪರಿಶೀಲನೆಗೆ ಕೈಯಿಂದ ಮಾಡಿದ ಮರದ ಬಿಲ್ಲನ್ನು ಒರೆಗಲ್ಲಾಗಿ ಬಳಸುವುದು ಈ ಲೇಖನದ ಉದ್ದೇಶ.

ಬಿಲ್ಲನ್ನೇ ಆರಿಸಿಕೊಳ್ಳಲು ಕಾರಣವಿದೆ. ಬಿಲ್ಲನ್ನು ಎಳೆದಾಗ ಬಿಲ್ಲುಗಾರನ ಕಡೆಗಿರುವ ಮೈ ಅದುಮಿಕೊಳ್ಳುತ್ತದೆ, ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ. ಮರ ತೇವ ಹೀರಿದಷ್ಟೂ ಅದರ ಬಿಗಿ ಕುಂದಿ, ಹೆದೆ ಇಳಿಸಿದ ಮೇಲೂ ಬಿಲ್ಲು ಬಾಗಿದಂತೆಯೇ ನಿಲ್ಲತೊಡಗುತ್ತದೆ. ಆದ್ದರಿಂದ ಬಿಲ್ಲಿನ ಮೇಲಿನ ಲೇಪವು ತೇವವನ್ನು ತಡೆಯುವಷ್ಟು ಒತ್ತಾಗಿಯೂ, ಸಾವಿರಾರು ಬಾರಿ ಬಾಗಿದರೂ ಬಿರಿಯದಷ್ಟು ಮೃದುವಾಗಿಯೂ ಇರಬೇಕು. ಆಟಿಕೆ, ತೊಟ್ಟಿಲು, ಮೇಜುಗಳ ಮೇಲಿನ ಲೇಪಕ್ಕೆ ಈ ಎರಡನೆಯ ಪರೀಕ್ಷೆ ಇಷ್ಟು ಕಠಿಣವಾಗಿ ಎದುರಾಗುವುದಿಲ್ಲ.

ರಾಳ, ಅಂಟು ಮತ್ತು ಅರಗುಗಳನ್ನು ಬೆರೆಸಿ ಲೇಪ ಮಾಡುವ ತಿಳಿವಳಿಕೆ ಭಾರತದಲ್ಲಿ ಬಹಳ ಹಳೆಯದು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕಟ್ಟಡ ಮತ್ತು ಪ್ರತಿಮೆಗಳಿಗೆ ಬಳಸುವ ವಜ್ರಲೇಪವೆಂಬ ಗಟ್ಟಿ ಅಂಟುಲೇಪದ ಪಾಕಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಚಿತ್ರಕಲೆಯ ಸಂದರ್ಭದಲ್ಲಿ, ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ಅಂಟನ್ನು ಇದೇ ಹೆಸರಿನಿಂದ ವಿವರಿಸುತ್ತದೆ. ಪಶ್ಚಿಮ ಘಟ್ಟದ ಧೂಪದ ಮರದಿಂದ ಒಸರುವ ಬಿಳಿಯ ರಾಳವೂ ಮೆರುಗೆಣ್ಣೆಗೆ, ಅಂದರೆ ವಾರ್ನಿಷ್‌ಗೆ, ಒದಗುತ್ತಿತ್ತು. ಆದರೆ ಒಳನಾಡಿನ ಕಸುಬುದಾರನಿಗೆ ಸುಲಭವಾಗಿ ಸಿಗುತ್ತಿದ್ದ ದ್ರವ್ಯ ಅರಗು.

ಅರಗು ಮರದ ರಸವಲ್ಲ. ಎಳೆಯ ಕೊಂಬೆಗಳ ಮೇಲೆ ಒತ್ತಾಗಿ ನೆಲೆಸುವ ಅತಿ ಸಣ್ಣ ಕೀಟಗಳು ತಮ್ಮ ಮೈ ಸುತ್ತ ಸ್ರವಿಸುವ ರಾಳ. ಉತ್ತರ ಭಾರತದಲ್ಲಿ ಮುತ್ತುಗ, ಬೋರೆ ಮತ್ತು ಕುಸುಮ ಮರಗಳು ಈ ಕೀಟಕ್ಕೆ ಆಶ್ರಯ ಕೊಟ್ಟರೆ, ಮೈಸೂರು ಸೀಮೆಯಲ್ಲಿ ಆ ಪಾತ್ರ ಜಾಲಾರಿ ಮರದ್ದಾಗಿತ್ತು. ಕೊಂಬೆಯ ಸಮೇತ ಕತ್ತರಿಸಿ ತಂದದ್ದು ಕಡ್ಡಿ ಅರಗು; ಅದನ್ನು ಕುಟ್ಟಿ, ತೊಳೆದು, ಕೆಂಪು ಬಣ್ಣವನ್ನು ಬಿಡಿಸಿದ ಮೇಲೆ ಉಳಿಯುವುದು ಕಾಳು ಅರಗು; ಕಾಳನ್ನು ಕರಗಿಸಿ, ಸೋಸಿ, ತೆಳುವಾಗಿ ಹರಡಿ ಮುರಿದದ್ದು ಚಕ್ಕೆ ಅರಗು. ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವುದು ಮತ್ತು ನೀರಿನಲ್ಲಿ ಕರಗದೆ ಮದ್ಯಸಾರದಲ್ಲಿ ಕರಗುವುದು ಎಂಬ ಎರಡು ಗುಣಗಳಿಂದ ಅರಗನ್ನು ಮರಕ್ಕೆ ಹಿಡಿಸುವ ಎರಡು ಬೇರೆ ಬೇರೆ ದಾರಿಗಳು ಹುಟ್ಟಿದವು.

ಚನ್ನಪಟ್ಟಣ ಹಿಡಿದದ್ದು ಶಾಖದ ದಾರಿ. ಅಲ್ಲಿನ ಸಾಂಪ್ರದಾಯಿಕ ಮರವಾದ ಆಲೆ ಮರ ಬಿಳುಪಾದ, ನುಣುಪಾದ ಎಳೆಯುಳ್ಳದ್ದು. ಒಣಗಿಸಿದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಆಕಾರಕ್ಕೆ ತಂದ ಮೇಲೆ, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿ ಹಿಡಿಯಲಾಗುತ್ತದೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಅನಂತರ ತಾಳೆಗರಿಯನ್ನು, ಅಂದರೆ ಕೇದಗೆಯ ಎಲೆಯನ್ನು, ಅದೇ ತಿರುಗುವ ಮೈಗೆ ಒತ್ತಿದಾಗ ಉಬ್ಬುತಗ್ಗಾಗಿದ್ದ ಅರಗು ಸಮನಾಗಿ ಹರಡಿಕೊಂಡು ಹೊಳಪು ಪಡೆಯುತ್ತದೆ. ಇಲ್ಲಿ ಕುಂಚವಿಲ್ಲ, ದ್ರಾವಕವಿಲ್ಲ, ಒಣಗಲು ಕಾಯುವ ಅಗತ್ಯವೂ ಇಲ್ಲ. ಬಣ್ಣ ಬೆರೆಸದ ಅರಗನ್ನು ಹಿಡಿಸಿದರೆ ಮರದ ಎಳೆ ಜೇನಿನ ಬಣ್ಣದಲ್ಲಿ ಕಾಣುತ್ತದೆ. ವಿದ್ಯುತ್ ಯಂತ್ರಗಳು ಬರುವ ಮೊದಲು ಲೇತನ್ನು ತಿರುಗಿಸುತ್ತಿದ್ದ ಸಾಧನ ಸಣ್ಣದೊಂದು ಬಿಲ್ಲು. ಅದರ ಹಗ್ಗವನ್ನು ಕದಿರಿಗೆ ಸುತ್ತಿ, ನೆಲದ ಮೇಲೆ ಕುಳಿತ ಕಸುಬುದಾರನು ಒಂದು ಕೈಯಿಂದ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ, ಇನ್ನೊಂದು ಕೈಯಿಂದ ಉಳಿಯನ್ನು ಹಿಡಿಯುತ್ತಿದ್ದನು.

ಈ ವಿಧಾನಕ್ಕೆ ಕಟ್ಟುನಿಟ್ಟಾದ ಮಿತಿಯೊಂದಿದೆ. ತನ್ನ ಅಕ್ಷದ ಸುತ್ತ ತಿರುಗಬಲ್ಲ ದುಂಡನೆಯ ವಸ್ತುವಿಗೆ ಮಾತ್ರ ಅರಗನ್ನು ಹೀಗೆ ಹಿಡಿಸಲು ಸಾಧ್ಯ. ಗೊಂಬೆ, ಬುಗುರಿ, ಗಿಲಕಿ, ತೊಟ್ಟಿಲ ಕಾಲು ಇವೆಲ್ಲ ಲೇತಿಗೆ ಒಗ್ಗುತ್ತವೆ. ಚಪ್ಪಟೆಯಾದ, ಉದ್ದವಾದ, ತುದಿಗಳತ್ತ ಸಪೂರವಾಗುವ ಬಿಲ್ಲು ಒಗ್ಗುವುದಿಲ್ಲ. ಹೀಗಾಗಿ ಬಿಲ್ಲಿಗೆ ಬೇಕಾದದ್ದು ಕೈಯಿಂದ ಸವರಬಹುದಾದ ದ್ರವರೂಪದ ಲೇಪ.

ಪರ್ಷಿಯಾದ ಕಸುಬಿನೊಡನೆ ಹೋಲಿಸಿದಾಗ ಈ ಭೇದದ ಮಹತ್ವ ತಿಳಿಯುತ್ತದೆ. ಅಲ್ಲಿ ಲೇಖನಿಪೆಟ್ಟಿಗೆ, ಪುಸ್ತಕದ ರಟ್ಟು ಮತ್ತು ಕನ್ನಡಿ ಚೌಕಟ್ಟುಗಳ ಚಿತ್ರಗಳ ಮೇಲೆ ಹಚ್ಚುತ್ತಿದ್ದ ಪಾರದರ್ಶಕ ಲೇಪವು ಅಗಸೆ ಎಣ್ಣೆಯಲ್ಲಿ ಚಂದ್ರಸವೆಂಬ ರಾಳವನ್ನು ಕಾಯಿಸಿ ಮಾಡಿದ ಮೆರುಗೆಣ್ಣೆ. ಬಿಲ್ಲುಗಳಿಗೂ ಅದನ್ನೇ ಹಚ್ಚುತ್ತಿದ್ದುದರಿಂದ ಅದಕ್ಕೆ ರೋಗನ್-ಎ-ಕಮಾನ್, ಅಂದರೆ ಬಿಲ್ಲಿನ ಎಣ್ಣೆ, ಎಂಬ ಹೆಸರಿತ್ತು. ಮರ, ಕೊಂಬು ಮತ್ತು ಪ್ರಾಣಿಗಳ ಸ್ನಾಯುರಜ್ಜುಗಳನ್ನು ಅಂಟಿನಿಂದ ಬೆಸೆದು ಮಾಡುವ ಸಂಯುಕ್ತ ಬಿಲ್ಲಿಗೆ ಇಂಥ ಲೇಪ ಅಲಂಕಾರಕ್ಕಿಂತ ಮಿಗಿಲಾಗಿ ಪ್ರಾಣರಕ್ಷೆಯಾಗಿತ್ತು, ಏಕೆಂದರೆ ತೇವ ಒಳಹೊಕ್ಕರೆ ಅಂಟು ಸಡಿಲಿ ಬಿಲ್ಲು ಬಿಚ್ಚಿಕೊಳ್ಳುತ್ತಿತ್ತು. ಭಾರತದಲ್ಲಿ ಉಕ್ಕಿನ ಬಿಲ್ಲುಗಳೂ ಬಳಕೆಯಲ್ಲಿದ್ದುದಕ್ಕೆ ಮಳೆಗಾಲದ ತೇವವನ್ನು ಅವು ತಾಳಿಕೊಳ್ಳುತ್ತಿದ್ದುದೂ ಒಂದು ಕಾರಣ.

ಎಣ್ಣೆಯಲ್ಲಿ ಕಾಯಿಸಿ ಸವರುವ ಪರ್ಷಿಯಾದ ಲೇಪಕ್ಕೂ, ಗಟ್ಟಿ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಕರಗಿಸುವ ಚನ್ನಪಟ್ಟಣದ ಲೇಪಕ್ಕೂ ದ್ರವ್ಯದಲ್ಲಾಗಲಿ ವಿಧಾನದಲ್ಲಾಗಲಿ ನಂಟಿಲ್ಲ. ಚನ್ನಪಟ್ಟಣದ ವಿಧಾನದ ಹತ್ತಿರದ ಬಂಧುಗಳು ಗುಜರಾತಿನ ಸಂಖೇಡಾದಲ್ಲಿಯೂ ಆಂಧ್ರಪ್ರದೇಶದ ಏಟಿಕೊಪ್ಪಾಕದಲ್ಲಿಯೂ ಇವೆ. ಏಟಿಕೊಪ್ಪಾಕದವರು ಅಂಕುಡು ಎಂದು ಕರೆಯುವ ಮರ ನಮ್ಮ ಆಲೆ ಮರವೇ. ಪರ್ಷಿಯಾದ ಕುಶಲಕರ್ಮಿಗಳು ಬಂದಿದ್ದರೆ ಅವರಿಂದ ವಿನ್ಯಾಸವೋ ಮಾರುಕಟ್ಟೆಯೋ ರಾಜಾಶ್ರಯವೋ ಬೆಳೆದಿರಬಹುದು. ಲೇಪದ ತಂತ್ರ ಮಾತ್ರ ಭಾರತದ ಅರಗಿನ ಪರಂಪರೆಗೆ ಸೇರಿದ್ದೆಂದು ಈ ಹೋಲಿಕೆಯಿಂದ ನಿರ್ಣಯಿಸಬಹುದು.

ಅರಗಿನ ಎರಡನೆಯ ದಾರಿ ಮದ್ಯಸಾರದ್ದು. ಚಕ್ಕೆ ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಪದರದ ಮೇಲೆ ಪದರವಾಗಿ ಉಜ್ಜುವ ಫ್ರೆಂಚ್ ಪಾಲಿಶ್ 19ನೆಯ ಶತಮಾನದ ಯೂರೋಪಿನಲ್ಲಿ ಪ್ರಚಾರ ಪಡೆದು, ಬಡಗಿಗಳ ಮೂಲಕ ಇಲ್ಲಿಯೂ ನೆಲೆಯೂರಿತು. ಇದರಿಂದ ಅರಗು ಲೇತಿನ ಕಟ್ಟುಪಾಡಿನಿಂದ ಬಿಡುಗಡೆ ಹೊಂದಿ ಯಾವುದೇ ಆಕಾರದ ಮರಕ್ಕೂ ಒದಗುವಂತಾಯಿತು. ಮಂಡ್ಯದಲ್ಲಿ 1933ರಲ್ಲಿ ಆರಂಭವಾದ ಮೈಸೂರು ಸಕ್ಕರೆ ಕಂಪನಿಯಿಂದ ಮೊದಲ್ಗೊಂಡು ಕಬ್ಬಿನ ಉದ್ಯಮ ಬೆಳೆದ ಈ ಸೀಮೆಯಲ್ಲಿ, ಮದ್ಯಸಾರದ ಮೂಲದ್ರವ್ಯವಾದ ಕಾಕಂಬಿಗೆ ಕೊರತೆಯಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಸ್ಥಾಪನೆಯಾದಾಗ ಕಾಡಿನ ಅರಗು ಕಾರ್ಖಾನೆಯ ಕಚ್ಚಾವಸ್ತುವಾಯಿತು. 1962ರ ಮಹಾಚುನಾವಣೆಯಿಂದ ಅಳಿಸಲಾಗದ ಶಾಯಿಗೆ ಹೆಸರಾದ ಈ ಸಂಸ್ಥೆ 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆಯಿತು.

ಮರದ ಬಿಲ್ಲಿನ ಮಟ್ಟಿಗೆ ಸ್ಪಿರಿಟ್ ಪಾಲಿಶಿಗೆ ಗುಣವೂ ಇದೆ, ಕೊರತೆಯೂ ಇದೆ. ಗಾಳಿಯ ತೇವವನ್ನು ತಡೆಯುವುದರಲ್ಲಿ ಅರಗು ಎಣ್ಣೆಗಿಂತ ಬಹಳ ಮೇಲು. ಆದರೆ ನೀರು ಮೇಲೆ ನಿಂತರೆ ಅದು ಬೆಳ್ಳಗಾಗುತ್ತದೆ, ದಪ್ಪವಾಗಿ ಹಚ್ಚಿದರೆ ಬಾಗುವೆಡೆಯಲ್ಲಿ ಸೀಳುತ್ತದೆ. ಅದಕ್ಕೆ ಉಪಾಯವೆಂದರೆ ನೀರಾಗಿ ಕರಗಿಸಿದ ಅರಗನ್ನು ಹಲವು ತೆಳು ಪದರಗಳಲ್ಲಿ, ಒಂದು ಆರಿದ ಮೇಲೆ ಇನ್ನೊಂದರಂತೆ ಹಚ್ಚಿ, ತೇವವನ್ನು ಬೇಗ ಹೀರುವ ತುದಿಗಳಿಗೆ ಹೆಚ್ಚು ಪದರ ಕೊಟ್ಟು, ಕೊನೆಗೆ ಮೇಣ ಉಜ್ಜುವುದು.

ಈ ಚರಿತ್ರೆಯ ಪುರಾವೆ ಗ್ರಂಥಗಳಿಗಿಂತ ಹೆಚ್ಚಾಗಿ ಹಳೆಯ ವಸ್ತುಗಳ ಮೈಮೇಲೆಯೇ ಉಳಿದಿದೆ. ಅರಗಿನ ಲೇಪ ಮದ್ಯಸಾರಕ್ಕೆ ಕರಗುತ್ತದೆ, ಹಳೆಯದಾಗಿ ಗಟ್ಟಿಗೊಂಡ ಎಣ್ಣೆಯ ಲೇಪ ಸುಲಭಕ್ಕೆ ಕರಗುವುದಿಲ್ಲ. ಅವಗೆಂಪು ಕಿರಣಗಳ ಪರೀಕ್ಷೆಯಿಂದ ಇವೆರಡನ್ನೂ ಬೇರ್ಪಡಿಸಿ ಗುರುತಿಸಬಹುದು. ಆದ್ದರಿಂದ ಸಂಗ್ರಹಾಲಯಗಳಲ್ಲಿಯೂ ಮನೆತನಗಳಲ್ಲಿಯೂ ಉಳಿದಿರುವ ಬಿಲ್ಲು, ತೊಟ್ಟಿಲು, ಗೊಂಬೆಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಹೊಸ ವಾರ್ನಿಷ್ ಬಳಿಯುವ ರೂಢಿಯನ್ನು ನಿಲ್ಲಿಸಿ, ಮೊದಲು ಲೇಪವನ್ನು ಪರೀಕ್ಷಿಸಿ ದಾಖಲಿಸುವುದು ಅತ್ಯಗತ್ಯ. ಯಾವ ಕಸುಬು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಐತಿಹ್ಯಗಳು ಕೊಡಲಾರದ ಉತ್ತರವನ್ನು ಆ ತೆಳುಪದರ ಕೊಡಬಲ್ಲದು. ಒಮ್ಮೆ ಒರೆಸಿಹೋದ ಮೇಲೆ ಅದನ್ನು ಮರಳಿ ಪಡೆಯುವ ಮಾರ್ಗವಿಲ್ಲ.